ನಲವತ್ತೊಂದನೆಯ ಸಾಲು

ಇಪ್ಪತ್ತೆರಡು ವರ್ಷ ಸೊಹಾರಿನ ಈ ಪೈಪಿನ ಯಾರ್ಡಿನಲ್ಲಿ
ಆಗಿಹೋದದ್ದನ್ನಷ್ಟೇ ನೋಡಿದ ಕಣ್ಣು ನನ್ನದು.
ಕತ್ತಲೆ ಕೋಣೆಯಲ್ಲಿ ಎಕ್ಸ್‌ರೇ ಫಿಲ್ಮು ಎತ್ತಿ ಹಿಡಿದರೆ
ಬೆಸುಗೆಯೊಳಗೆ ಕೂದಲೆಳೆಯ ಬಿರುಕು,
ಸಾಸಿವೆಯಷ್ಟು ಗಾಳಿಗುಳ್ಳೆ.
ಇದ್ದರೆ ಕೆಂಪು ಚಾಕು, ಇಲ್ಲದಿದ್ದರೆ ಸಹಿ.
ಕ್ವಾಲಿಟಿ ಎಂದರೆ ಅಷ್ಟೇ ಎಂದುಕೊಂಡಿದ್ದೆ.

ಈಗ ಆಗದೇ ಇರುವುದಕ್ಕೂ ಅಂಕ ಕೊಡಬೇಕಂತೆ.
ಸಂಭವ ಒಂದರಿಂದ ಐದು, ಪೆಟ್ಟು ಒಂದರಿಂದ ಐದು,
ಗುಣಿಸಿದರೆ ಚೌಕಕ್ಕೆ ತಾನೇ ಬಣ್ಣ ಬರುತ್ತದೆ.
ಮಸ್ಕತ್ತಿನಿಂದ ಬಂದ ಹುಡುಗಿ, ರಯ್ಯಾ ಬಲೂಶಿ,
ನಲವತ್ತು ಸಾಲು ತುಂಬಿಸಿ ಕೇಳಿದಳು:
ಕ್ರಾಸ್ತಾ, ಇನ್ನೇನು ಕೆಡಬಹುದು?

ಲೇಬರ್ ಕ್ಯಾಂಪಿನ ಏಳನೇ ಕೋಣೆಯ ಏಸಿ
ಸತ್ತು ಒಂಬತ್ತು ದಿನ.
ರಾಮ್‌ಸೂರತ್ ರಾತ್ರಿಯೆಲ್ಲ ಮೆಟ್ಟಿಲ ಮೇಲೆ ಕೂತು
ಬೆಳಗಿನ ಐದಕ್ಕೆ ಟಾರ್ಚು ಹಿಡಿಯುತ್ತಾನೆ.
ಬರೆದುಕೊ: ನಿದ್ದೆ.
ಐದು ಇಂಟು ಐದು.

ಪುರಾವೆ? ಎಂದರು ಮ್ಯಾನೇಜರು.
ಅವನದೊಂದು ಜಾಯಿಂಟೂ ಇನ್ನೂ ರಿಜೆಕ್ಟ್ ಆಗಿಲ್ಲವಲ್ಲ.
ಅಂಗೈ ಹುಣ್ಣಿಗೂ ಕನ್ನಡಿ ಬೇಕು ಇಲ್ಲಿ.
'ಇನ್ನೂ'. ಆ ಮಾತು ಅವರ ಬಾಯಿಂದಲೇ ಬಿತ್ತು.
ರಯ್ಯಾ ಕೇಳಿಸಿಕೊಂಡಳು.
ಎಂಟರ್ ಒತ್ತಿದಳು, ಚೌಕ ಕೆಂಪಾಯಿತು.

ಕೊನೆಯ ಕಾಲಂ: ಹೊಣೆಗಾರ ಯಾರು?
ಕ್ಯಾಂಪು ನಮ್ಮ ವಿಭಾಗದ್ದಲ್ಲ ಎಂದಿತು ಒಂದು ದನಿ.
ಗಡಿಯಾರ, ಸುಲೈಮಾನಿಯ ಲೋಟ, ಕಿಟಕಿಯಾಚೆ ಕ್ರೇನು,
ಎಲ್ಲರಿಗೂ ನೋಡಲು ಏನೋ ಒಂದು ಸಿಕ್ಕಿತು.
ಹಾಕು, ಗ್ರೇಶನ್ ಕ್ರಾಸ್ತಾ, ಎಂದೆ.

ಈಗ ರಾತ್ರಿ ಒಂದೂವರೆ.
ನನ್ನ ಕೋಣೆಯ ಏಸಿ ಚೆನ್ನಾಗಿಯೇ ಗುರುಗುಡುತ್ತಿದೆ.
ಎದ್ದು ಬೂಟು ಮೆಟ್ಟಿ
ಟೇಬಲ್ ಫ್ಯಾನು ಕಂಕುಳಲ್ಲಿಟ್ಟು ನಡೆದಿದ್ದೇನೆ ಏಳನೇ ಕೋಣೆಗೆ,
ಹಿಂದೆ ಅದರ ವಯರು
ಮರಳಿನಲ್ಲಿ ಒಂದು ಸಾಲು ಎಳೆಯುತ್ತ.