ಎರಡು ತುಂಬುವವರೆಗೆ

ಫ್ರಿಜ್ಜಿನ ಬಾಗಿಲಿಗೆ ಸೊಸೆಯ ಚೀಟಿ:
ಎರಡು ತುಂಬುವವರೆಗೆ ಸಕ್ಕರೆ ಬೇಡ. ಜೇನೂ ಬೇಡ.
ಬೊಗುಮಿವಾ ಓದಿ, ಮಡಿಸಿ,
ಮತ್ತೆ ಬಿಡಿಸಿ ಅಲ್ಲೇ ಅಂಟಿಸಿದಳು.

ಮೂವತ್ತೊಂದು ವರ್ಷ,
ಪೋಲೆಂಡಿನ ವುಚ್ ಪಟ್ಟಣದ ಮಿಠಾಯಿ ಕಾರ್ಖಾನೆ, ಎರಡನೇ ಪಾಳಿ.
ಕೂದಲಲ್ಲಿ, ರೆಪ್ಪೆಯಲ್ಲಿ ಸಕ್ಕರೆ ದೂಳು;
ಬೇಸಿಗೆಯಲ್ಲಿ ಟ್ರಾಮ್ ಹತ್ತಿದರೆ
ಕಣಜಗಳೂ ಹತ್ತುತ್ತಿದ್ದವು, ಟಿಕೆಟ್ಟಿಲ್ಲದೆ.
ಗಂಡ ಕೊರಳಿಗೆ ಮುತ್ತಿಟ್ಟು
ಚಹಾಕ್ಕೆ ಬೇರೆ ಸಕ್ಕರೆ ಯಾಕೆ ಅನ್ನುತ್ತಿದ್ದ.

ಈಗ ಹಾಲಿನಲ್ಲಿ ಬರಗು ಕುದಿಯುತ್ತಿದೆ.
ಓವನ್ನಿನಲ್ಲಿ ಸೇಬು, ಸಿಪ್ಪೆ ಬಿರಿದು,
ತನ್ನ ರಸದಲ್ಲಿ ತಾನೇ ಬೇಯುತ್ತಿದೆ.
ನೆನೆಸಿದ ಒಣ ಪ್ಲಮ್ಮುಗಳನ್ನು
ಬೆರಳಲ್ಲೇ ಕಿವುಚಿ ಬೆರೆಸಿದಳು.
ರುಚಿ ನೋಡಿದಳು.
ಸಪ್ಪೆ.
ಕೈ ತಾನಾಗಿ ಮೇಲಿನ ಕಪಾಟಿಗೆ ಹೋಯಿತು,
ಆ ಡಬ್ಬಿಯನ್ನು ಮುಟ್ಟಿತು,
ಪಕ್ಕದ ಚಕ್ಕೆ ಪುಡಿ ಹಿಡಿದು ಇಳಿಯಿತು.

ತಿಮೆಕ್ ಬಾಯಿ ತೆರೆದ.
ಮುಖ ಸಿಂಡರಿಸಲಿಲ್ಲ, ಏನನ್ನೂ ಹುಡುಕಲಿಲ್ಲ.
ಯಾವುದು ಇಲ್ಲವೆಂದು ಅವನಿಗೇನು ಗೊತ್ತು?
ಗಲ್ಲಕ್ಕೆ, ಕಿವಿಗೆ ಬರಗು ಮೆತ್ತಿಕೊಂಡು
ಬಟ್ಟಲು ಮುಗಿಸಿ
ಅವಳ ತೋರುಬೆರಳು ಹಿಡಿದು ಚೀಪಿದ,
ಬಹಳ ಹೊತ್ತು.

ಉಪ್ಪುಪ್ಪಾಗಿರಬೇಕು, ಅಂದುಕೊಂಡಳು.