ಹೂಂ

ಗ್ದಾನ್ಸ್ಕ್ ಬಂದರಿನ ಹೋಟೆಲು, ಎರಡನೇ ಮಹಡಿ.
ಕಿಟಕಿಯಾಚೆ ನವೆಂಬರಿನ ಬೂದು ನೀರು, ಕೆಲಸ ಬಿಟ್ಟ ಕ್ರೇನುಗಳು.
ಒಳಗೆ ನೂರಾ ಹನ್ನೆರಡು ಕುರ್ಚಿ, ಒಂದೇ ಪ್ರಶ್ನೆ:
ಇನ್ನೊಬ್ಬರ ಪರವಾಗಿ ಜಾಲದೊಳಗೆ ಕಾಲಿಡುವ ಯಂತ್ರ
ಹೊಸ್ತಿಲಲ್ಲೇ ನಿಂತು
ತಾನು ಯಂತ್ರವೆಂದೂ, ಇಂಥವರು ಕಳಿಸಿದರೆಂದೂ
ಹೇಳತಕ್ಕದ್ದೋ
ಹೇಳಿದರೆ ಒಳ್ಳೆಯದೋ?

ಈ ಎರಡು ಮಾತುಗಳ ನಡುವಿನ ಸಂದಿಯಲ್ಲಿ
ಮೂರು ವರ್ಷ ಕಳೆದಿದ್ದಾರೆ.
ಹದಿನೇಳನೇ ಕರಡು, ಆರನೇ ವಿಭಾಗ, ಮೂರನೇ ಪ್ಯಾರಾ.
ಫಿನ್ಲೆಂಡಿನ ಕೆಟ್ಟುನೆನ್ ಬಾಯಿ ತೆರೆದರೆ 'ತಕ್ಕದ್ದು'.
ಅಕ್ರಾದಿಂದ ಬಂದ ಕ್ವಾಬೆನಾ ಒಫೊರಿ
ಮೈಕನ್ನು ತನ್ನೆತ್ತರಕ್ಕೆ ಏರಿಸಿಕೊಂಡು ಕೇಳುತ್ತಾನೆ:
ಹೆಸರು ಹೇಳಿದರೆ ಜೈಲಿಗೆ ಹಾಕುವ ಊರುಗಳಿವೆಯಲ್ಲ,
ಅಲ್ಲಿನವಳು ತನ್ನ ಯಂತ್ರಕ್ಕೆ ಯಾರ ಮುಖ ತೊಡಿಸಬೇಕು?
ಉತ್ತರವಿಲ್ಲ. ಯಾರೋ ಪೆನ್ನು ಬೀಳಿಸಿದರು.

ಹಿಂದಿನ ಗೋಡೆಗೆ ಕಾಫಿಯ ಮೇಜು. ಗ್ರಾಜಿನಾ
ಕಪ್ಪುಗಳನ್ನು ಕವುಚಿಡುತ್ತ ಕೇಳಿಸಿಕೊಳ್ಳುತ್ತಿದ್ದಾಳೆ.
ಇಂಗ್ಲಿಷು ಅರ್ಧ ಗೊತ್ತು, ವಿಷಯ ಪೂರ್ತಿ ಗೊತ್ತು.
ಅವಳ ತಾಯಿ ಓತಿಲಿಯಾ
ನಲವತ್ತು ವರ್ಷ ಉಪ್ಪುನೀರಲ್ಲಿ ಹೆರಿಂಗ್ ಮೀನು ಸೀಳಿ
ಬೆರಳಿನ ಗೆರೆ ಸವೆಸಿಕೊಂಡವಳು.
ಬ್ಯಾಂಕಿನ ಗಾಜು ಮೂರು ಸಲ ಒತ್ತಿಸಿಕೊಂಡು
ನೀವಲ್ಲ, ಎಂದಿತು.
ಫೋನಿಗೆ ಬಂದ ಆರಂಕಿ
ಕನ್ನಡಕ ಸಿಗುವಷ್ಟರಲ್ಲಿ ಹಳಸಿತು.

ಆಮೇಲೆ ಮೊಮ್ಮಗ ಕ್ಸಾವೆರಿ ಒಂದು ದೂತನನ್ನು ಕೂರಿಸಿಕೊಟ್ಟ.
ಅದಕ್ಕೆ ಬೆರಳಿಲ್ಲ, ಹಾಗಾಗಿ ತಡೆಯೂ ಇಲ್ಲ.
ಚಳಿಗಾಲದ ಕಲ್ಲಿದ್ದಲ ಭತ್ಯೆಗೆ ಅರ್ಜಿ ತುಂಬಿತು.
ಕೊನೆಯ ಪುಟದಲ್ಲಿ ಪುಟ್ಟ ಚೌಕ:
'ನಾನು ಯಂತ್ರವಲ್ಲ.'
ಗುರುತು ಹಾಕಿತು.
ಸುಳ್ಳೆನ್ನಲೇ? ಓತಿಲಿಯಾಳ ಬಾಯಲ್ಲಿ ಅದು ದಿಟ.
ಬಾಯಿ ಅವಳದಲ್ಲ, ಅಷ್ಟೇ.

ಭತ್ಯೆ ಬಂತು. ಜೊತೆಗೆ
ಬೆಳಗಿನ ಪೇಪರು ಬರುವುದು ನಿಂತಿತು.
ಅವಳು ಓದುತ್ತಿದ್ದದ್ದು ಸತ್ತವರ ಪುಟವೊಂದನ್ನೇ.
ಒಂದು ಪುಟಕ್ಕೆ ಇಷ್ಟು ದುಡ್ಡೇಕೆಂದು
ಲೆಕ್ಕ ಹಾಕಿರಬೇಕು ಆ ಒಳ್ಳೆಯ ಯಂತ್ರ.
ಕಚೇರಿಗೆ ಫೋನು ಹಚ್ಚಿದರೆ ಹುಡುಗಿ ವಿನಯದಿಂದ
ತಾರೀಕು, ಗಂಟೆ, ಸಹಿಯನ್ನೆಲ್ಲ ಓದಿ ಹೇಳಿದಳು.
ರಿಸೀವರ್ ಇಟ್ಟು ಮುದುಕಿ ಮಗಳತ್ತ ತಿರುಗಿದಳು:
'ನಾನೇ ಬೇಡ ಅಂದೆನಂತೆ.'

ಎಂಬತ್ತೇಳು ವರ್ಷ ಬಾಳಿ
ತನ್ನ ಬಗ್ಗೆಯೇ 'ಅಂತೆ' ಎನ್ನಬೇಕಾಗಿ ಬಂದದ್ದು
ಅವಳಿಗೆ ಇದೇ ಮೊದಲು.

ಇತ್ತ ಅಧ್ಯಕ್ಷ ಲೋರ್ಕಾನ್ ಗಡಿಯಾರ ನೋಡಿಕೊಂಡ.
ಇವರಲ್ಲಿ ಕೈಯೆತ್ತುವ ಪದ್ಧತಿಯಿಲ್ಲ, ತಲೆಯೆಣಿಕೆಯಿಲ್ಲ.
ಒಪ್ಪಿದವರು ಬಾಯಿ ಮುಚ್ಚಿಕೊಂಡು
ಮೂಗಿನಲ್ಲಿ ಗುಂಯ್‌ಗುಟ್ಟಬೇಕು, ಅಷ್ಟೆ.
ಯಾರದೆಂದು ಯಾರಿಗೂ ತಿಳಿಯದು.
ಯಾರು ಯಾರೆಂದು ಹೇಳಿಸುವ ನಿಯಮ
ಯಾರು ಯಾರೆಂದು ತಿಳಿಯದ ಹಾಗೆ ಹುಟ್ಟಬೇಕು!

'ಹೇಳತಕ್ಕದ್ದು' ಎಂಬವರು?
ಎದ್ದಿತು ಸದ್ದು, ಪೆಟ್ಟಿಗೆಯೊಳಗಿನ ದುಂಬಿಯಂತೆ.
ಕಾಫಿಯ ಹಂಡೆಯೂ ಕುದಿಯುತ್ತ ದನಿಗೂಡಿಸಿತು.
ಕಪ್ಪು ಹಿಡಿದೇ ನಿಂತು ಗ್ರಾಜಿನಾ ಕೂಡ
ಹೂಂ ಎಂದಳು, ಕತ್ತಲಲ್ಲಿ
ಕತೆ ನಿಂತುಹೋದೀತೆಂದು ಹೂಂಗುಟ್ಟುವ ಮಗುವಿನ ಹಾಗೆ.
'ಹೇಳಿದರೆ ಒಳ್ಳೆಯದು' ಎಂಬವರು?
ಅಷ್ಟೇ ಸದ್ದು. ಹಂಡೆ ಈ ಸಲವೂ ಸೇರಿಕೊಂಡಿತು.
'ಒಮ್ಮತವಿಲ್ಲ,' ಎಂದ ಲೋರ್ಕಾನ್. 'ಮುಂದಿನ ಸಭೆಗೆ.'

ಲಾಬಿಯಲ್ಲಿ ಯಾರೋ ಬಿಟ್ಟುಹೋದ ಪೇಪರನ್ನು
ಮಡಚಿ ಚೀಲಕ್ಕೆ ಹಾಕಿಕೊಂಡಳು.
ಟ್ರ್ಯಾಮು, ಆಮೇಲೆ ನಾಲ್ಕು ಮಹಡಿ ಮೆಟ್ಟಿಲು.
ಬಾಗಿಲು ತಟ್ಟಿದಳು.
'ಯಾರದು?'
'ನಾನೇ.'
'ನಾನೇ ಅಂದರೆ?'
ಹಿಂದೆಲ್ಲ ಹೀಗೆ ಕೇಳುತ್ತಿರಲಿಲ್ಲ.
ಗ್ರಾಜಿನಾ ಏನೂ ಹೇಳಲಿಲ್ಲ, ಏದುಸಿರು ಬಿಡುತ್ತ ನಿಂತಳು.
ಒಳಗೆ ಚಪ್ಪಲಿ ಎಳೆಯುವ ಸದ್ದು ಹತ್ತಿರವಾಗಿ, ನಿಂತು,
ಆ ಉಸಿರನ್ನೇ ಸ್ವಲ್ಪ ಹೊತ್ತು ಆಲಿಸಿ
ಹೂಂ, ಎಂದಿತು.
ಆಮೇಲೆ ಚಿಲಕ.