ಕೆಂಗುರಿ ಲೆಕ್ಕ

ಲಿಂಗಸುಗೂರಿನ ಮಟನ್ ಅಂಗಡಿ, ಬೆಳಗಿನ ಐದೂವರೆ.
ಚಾಂದಪಾಷಾ ಚೂರಿ ಒರೆಸುತ್ತ ಅನ್ನುತ್ತಾನೆ:
"ಮಂದಿ ಕಲೇಜಾ ಕೇಳತಾರ, ತಲಿ-ಕಾಲು ಕೇಳತಾರ,
ಇದನ್ನ ಕೇಳವರು ನೀವೊಬ್ಬರ ನೋಡ್ರಿ ಮೇಡಮ್.
ಒಯ್ದು ಏನ್ ಮಾಡತೀರಿ?"
ಲೆಕ್ಕ, ಅನ್ನುತ್ತೇನೆ.
ಬಾದಾಮಿಯಷ್ಟರ ಎರಡು ಅಂಡಾಶಯ
ಐಸು ತುಂಬಿದ ಟಿಫಿನ್ ಡಬ್ಬಿಗೆ.
ಇದಕ್ಕೆ ಅವನು ದುಡ್ಡು ಮುಟ್ಟುವುದಿಲ್ಲ.

ಕವಿತಾಳ, ಸಿರವಾರ, ಕಲ್ಲೂರು.
ತೊಡೆಯ ಮೇಲೆ ಡಬ್ಬಿ ತಣ್ಣಗೆ ಕೊರೆಯುತ್ತದೆ.
ಪಕ್ಕದ ಸೀಟಿನಾಕೆ ಕೇಳುತ್ತಾಳೆ, "ಬುತ್ತಿ ಏನೈತ್ರೀ?"
ಕಿಟಕಿಯಾಚೆ ಹತ್ತಿ ಬಿಡಿಸಿ ಮುಗಿದ ಕರಿಹೊಲ ನೋಡುತ್ತೇನೆ.

ರಾಯಚೂರಿನ ಲ್ಯಾಬಿನಲ್ಲಿ, ಗುಲಾಬಿ ಬಣ್ಣ ಕುಡಿದ ತೆಳು ಹೋಳು.
ನಡುವೆ ತತ್ತಿ. ಸುತ್ತ ಒಂದೇ ಸಾಲು ಚಪ್ಪಟೆ ಜೀವಕೋಶ,
ಅಂಚಿಗೆ ನಿಲ್ಲಿಸಿದ ಖಟಿ ರೊಟ್ಟಿಯ ಹಾಗೆ.
ಎಣಿಸುತ್ತೇನೆ. ಹನ್ನೊಂದು.
ಪಕ್ಕದ ಕಿರುಚೀಲದಲ್ಲಿ ಒಂಬತ್ತು.
ಮಲಗಿವೆ. ಈ ಕುರಿ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ
ಹೀಗೇ ಮಲಗಿವೆ.

ಒಂದು ದಿನ ಒಂದು ಕೋಶ
ಉಬ್ಬಿ ಚೌಕವಾಗುತ್ತದೆ.
ಯಾಕೆ?
ನನ್ನ ಸಮೀಕರಣದಲ್ಲಿ ಆ ಯಾಕೆಗೆ ಆಲ್ಫಾ ಎಂದು ಹೆಸರು,
ಹೆಸರಿಟ್ಟರೆ ಅರ್ಧ ತಿಳಿದ ಹಾಗೆ ಎಂಬ ಭ್ರಮೆಯಲ್ಲಿ.
ಬೀಟಾ ಅಷ್ಟು ಕಷ್ಟದ್ದಲ್ಲ:
ದೊಡ್ಡಿಯಲ್ಲಿ ಒಂದು ಕುರಿ ಎದ್ದು ಮೈ ಕೊಡವಿದರೆ
ಪಕ್ಕದ್ದೂ ಏಳುತ್ತದಲ್ಲ, ಅದು.
ಆಮೇಲೆ ಒಂದು ಎರಡು, ಎರಡು ನಾಲ್ಕು,
ಸಾಲಿನ ಮೇಲೆ ಸಾಲು ಕಟ್ಟುತ್ತ,
ಒಳಗೆ ತತ್ತಿ ತನ್ನಷ್ಟಕ್ಕೆ ದಪ್ಪವಾಗುತ್ತ.

ನಮ್ಮ ಮನೆಯಲ್ಲಿ ಭಾಗ ಅಂದರೆ ಕಡಿಮೆಯಾಗುವುದು.
ಎಂಟೆಕರೆ ನಾಲ್ಕಾಯಿತು, ನಾಲ್ಕು ಎರಡು,
ಬಾವಿ ಯಾರಿಗೂ ಆಗಲಿಲ್ಲ.
ಇಲ್ಲಿ ಭಾಗಿಸಿದಷ್ಟೂ ಗುಣಾಕಾರ.
ಬೋರ್ಡಿನ ಮೇಲೆ ಮೊದಲ ಸಲ ಇದನ್ನು ಬರೆದಾಗ
ಕೊನೆಯ ಬೆಂಚಿನ ಹುಲಿಗೆಮ್ಮ ಎದ್ದು ನಿಂತಳು:
"ಮೇಡಮ್, ಚಿಹ್ನೆ ತಪ್ಪೈತಿ."

ಮೈನಸ್ಸೂ ಇದೆ, ಹುಲಿಗೆಮ್ಮ.
ಎದ್ದು ಹೊರಟವೆಲ್ಲ ಮುಟ್ಟುವುದಿಲ್ಲ.
ಒಂದೋ ಎರಡೋ ಗುರಿ ಕಾಣುತ್ತವೆ,
ಉಳಿದವು ಸದ್ದಿಲ್ಲದೆ ದಾರಿಯಲ್ಲೇ ಕರಗುತ್ತವೆ.
ಅದಕ್ಕೆ ಮ್ಯೂ. ಪರೀಕ್ಷೆಗೆ ಬರುತ್ತದೆ, ಬರೆದುಕೊ.

ಹೋದ ಗುರುವಾರ ಸ್ಟೇಷನ್ ರಸ್ತೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ
ಹೊಟ್ಟೆಯ ಮೇಲೆ ತಣ್ಣನೆ ಜೆಲ್ಲು.
"ಎಡಕ್ಕೆ ಮೂರು, ಬಲಕ್ಕೆ ಎರಡು," ಡಾಕ್ಟರು
ನನಗಲ್ಲ, ನರ್ಸಿಗೆ ಹೇಳಿದರು. ಆಕೆ ಬರೆದುಕೊಂಡಳು.
ಐದು ಬಿಂದುಗಳಿಗೆ ರೇಖೆ ಎಳೆಯಬಾರದು,
ಅದು ನಾನೇ ಮಕ್ಕಳಿಗೆ ಕಲಿಸುವ ಪಾಠ.
ಗಂಡ ಹೊರಗೆ ಬೈಕಿನ ಮೇಲೆ ಕೂತು
ಶೇಂಗಾ ಸುಲಿಯುತ್ತಿದ್ದ. ಅರ್ಧ ನನಗೆ ಇಟ್ಟಿದ್ದ.

ರಾತ್ರಿ ಮತ್ತೆ ಮಾದರಿ ಓಡಿಸುತ್ತೇನೆ.
ಅದೇ ಆಲ್ಫಾ, ಅದೇ ಬೀಟಾ, ಅದೇ ಹನ್ನೊಂದು ಕೋಶ.
ಮೊದಲ ಸಲ ಮೂರನೇ ವಾರಕ್ಕೇ ಎದ್ದವು.
ಎರಡನೇ ಸಲ ನಾಲ್ಕು ವರ್ಷ ಹಿಡಿಯಿತು.
ದಾಳ ಒಂದೇ, ಬಿದ್ದದ್ದು ಬೇರೆ.
ಈಗ ಏಳನೆಯದು ಓಡುತ್ತಿದೆ.

ಶಾಖೋತ್ಪನ್ನದ ಹೊಗೆಕೊಳವೆ ಕಾಣುವ ಮನೆಯಲ್ಲೇ
ಕರೆಂಟು ಹೋಗುತ್ತದೆ.
ಲ್ಯಾಪ್‌ಟಾಪಿನ ಬೆಳಕೊಂದೇ. ಬ್ಯಾಟರಿ ನಲವತ್ತು.
ಹೆಜ್ಜೆ ಸಂಖ್ಯೆ ಏರುತ್ತದೆ,
ಹನ್ನೊಂದೂ ಚಪ್ಪಟೆ.
ಡಬ್ಬಿ ತೊಳೆದು ಬೋರಲು ಹಾಕಿ ಬಂದು
ಮತ್ತೆ ಕೂರುತ್ತೇನೆ.